ರೋಗಕ್ಕಿಂತ ಮೂರು ದಿನ ಮೊದಲು: ದ್ರಾಕ್ಷಿ ಎಲೆಯನ್ನು ಕೈಟೋಸಾನ್‌ನಿಂದ ಎಚ್ಚರಿಸುವ ಕ್ರಮ

ಬೂದಿ ರೋಗ ಕಣ್ಣಿಗೆ ಬಿದ್ದ ಮೇಲೆ ಕೈಟೋಸಾನ್ (ಸೀಗಡಿ, ಏಡಿಯ ಚಿಪ್ಪಿನಿಂದ ತಯಾರಿಸುವ ಪುಡಿ) ಹೊಡೆದವರು ಸಾಮಾನ್ಯವಾಗಿ ಆಡುವ ಮಾತು ಒಂದೇ: "ಏನೂ ಆಗಲಿಲ್ಲ, ರೊಕ್ಕ ಹೋತು." ಅದು ಸುಳ್ಳಲ್ಲ. ನಾವು ಹೊಡೆಯುವ ಪ್ರಮಾಣದಲ್ಲಿ ಕೈಟೋಸಾನ್ ಶಿಲೀಂಧ್ರವನ್ನು ಕೊಲ್ಲುವ ಔಷಧವಾಗಿ ಕೆಲಸ ಮಾಡುವುದು ಬಹಳ ಕಡಿಮೆ. ಅದರ ನಿಜವಾದ ಕೆಲಸ ಎಲೆಗೆ "ಶಿಲೀಂಧ್ರ ಬಂದಿದೆ" ಎಂಬ ಹುಸಿ ಸುದ್ದಿ ಮುಟ್ಟಿಸುವುದು. ಸುದ್ದಿ ಮುಟ್ಟಿದ ಎಲೆ ತನ್ನ ಗೋಡೆ ಗಟ್ಟಿ ಮಾಡಿಕೊಂಡು, ಶಿಲೀಂಧ್ರಕ್ಕೆ ಒಗ್ಗದ ರಸಗಳನ್ನು ತಯಾರಿಸಿಟ್ಟುಕೊಳ್ಳಲು ಎರಡು ಮೂರು ದಿನ ಬೇಕು. ರೋಗ ಆಗಲೇ ಒಳಗೆ ಬೇರೂರಿದ್ದರೆ ಸುದ್ದಿ ತಡವಾಯಿತು ಎಂದೇ ಅರ್ಥ.

ತಿಕೋಟಾ, ಬಬಲೇಶ್ವರ, ಅಥಣಿ, ಜಮಖಂಡಿ ಕಡೆಯ ದ್ರಾಕ್ಷಿ ಪಡಗಳನ್ನು, ಅಂದರೆ ತೋಟಗಳನ್ನು, ಕಣ್ಣ ಮುಂದೆ ಇಟ್ಟುಕೊಂಡು ಈ ಕ್ರಮ ಬರೆದಿದೆ. ಈ ಭಾಗದಲ್ಲಿ ಕೈಟೋಸಾನ್ ಕೆಡುವುದಕ್ಕೆ ಅತಿ ದೊಡ್ಡ ಕಾರಣ ಪುಡಿಯಲ್ಲ, ಬೋರಿನ ನೀರು. ಅದಕ್ಕೇ ಕೆಳಗೆ ನೀರಿನ ಲೆಕ್ಕಕ್ಕೆ ಹೆಚ್ಚು ಜಾಗ ಕೊಟ್ಟಿದೆ.

ಎಲೆಗೆ ಗೊತ್ತಾಗುವುದು ಹೇಗೆ

ಶಿಲೀಂಧ್ರದ ಜೀವಕೋಶದ ಗೋಡೆಯಲ್ಲಿ ಕೈಟಿನ್ ಇರುತ್ತದೆ. ಸೀಗಡಿ, ಏಡಿ, ಕೀಟಗಳ ಹೊರಚಿಪ್ಪಿನಲ್ಲಿ ಇರುವುದೂ ಅದೇ ವಸ್ತು. ಗಿಡದ ಮೈಯಲ್ಲಿ ಮಾತ್ರ ಕೈಟಿನ್ ಇಲ್ಲ. ಆದ್ದರಿಂದ ಎಲೆಯ ಪಾಲಿಗೆ ಕೈಟಿನ್ ಅಂದರೆ ಹೊರಗಿನವರ ಗುರುತು. ಬೀಜಕಣವೊಂದು ಎಲೆಯ ಮೇಲೆ ಮೊಳೆತು ಒಳಗೆ ನುಗ್ಗಲು ಹೊರಟಾಗ, ಎಲೆಯಲ್ಲಿ ಮೊದಲೇ ಇರುವ ಕೈಟಿನೇಸ್ ಎಂಬ ಕಿಣ್ವ ಅದರ ಗೋಡೆಯನ್ನು ಅಲ್ಲಲ್ಲಿ ಕತ್ತರಿಸುತ್ತದೆ. ಉದುರಿದ ತುಣುಕುಗಳು ಎಲೆಯ ಜೀವಕೋಶದ ಪೊರೆಯ ಮೇಲಿರುವ ಗ್ರಾಹಕ ಪ್ರೋಟೀನುಗಳಿಗೆ ಅಂಟುತ್ತವೆ. ಇಂಥ ಗ್ರಾಹಕವನ್ನು ಜಪಾನಿನ ವಿಜ್ಞಾನಿಗಳು 2006ರಲ್ಲಿ ಭತ್ತದಲ್ಲಿ, 2007ರಲ್ಲಿ ಅರಾಬಿಡಾಪ್ಸಿಸ್ ಎಂಬ ಸಾಸಿವೆ ಜಾತಿಯ ಸಣ್ಣ ಗಿಡದಲ್ಲಿ ಗುರುತಿಸಿದರು. ಅದೇ ಕುಟುಂಬದ ಗ್ರಾಹಕ ದ್ರಾಕ್ಷಿಯಲ್ಲೂ ಇದೆ.

ತುಣುಕಿನ ಉದ್ದ ಇಲ್ಲಿ ಮುಖ್ಯ. ಕೈಟಿನ್ ಎಂದರೆ ಸಕ್ಕರೆಯ ಮಣಿಗಳ ಉದ್ದನೆಯ ಸರ. ಏಳೆಂಟು ಮಣಿಗಳಿರುವ ತುಣುಕು ಗ್ರಾಹಕವನ್ನು ಚೆನ್ನಾಗಿ ಎಬ್ಬಿಸುತ್ತದೆ. ಒಂದೆರಡು ಮಣಿಯ ಚೂರಿಗೆ ಎಲೆ ತಿರುಗಿಯೂ ನೋಡುವುದಿಲ್ಲ. "ಪೂರ್ತಿ ಕರಗಿಸಿದ್ದೇವೆ, ಬಹಳ ಸಣ್ಣ ಅಣು" ಎಂದು ಹೊಗಳುವ ಮಾಲು ಯಾವಾಗಲೂ ಹೆಚ್ಚು ಕೆಲಸ ಮಾಡುತ್ತದೆ ಎಂದು ನಂಬಬೇಡಿ.

ಕೈಟಿನ್ ನೀರಿನಲ್ಲಿ ಕರಗದು. ಅದನ್ನು ಕ್ಷಾರದಲ್ಲಿ ಕುದಿಸಿ ಅಸಿಟೈಲ್ ಗುಂಪುಗಳನ್ನು ತೆಗೆದರೆ ಕೈಟೋಸಾನ್ ಆಗುತ್ತದೆ, ಅದು ದುರ್ಬಲ ಆಮ್ಲದಲ್ಲಿ ಕರಗುತ್ತದೆ. ಸರದುದ್ದಕ್ಕೂ ಧನ ವಿದ್ಯುದಂಶ ಇರುವುದರಿಂದ ಎಲೆಯ ಪೊರೆಗೆ ನೇರವಾಗಿ ಕಚ್ಚಿಕೊಳ್ಳುವ ಗುಣವೂ ಅದಕ್ಕಿದೆ. ಶಿಲೀಂಧ್ರದಲ್ಲಿ ಎಲೆಯನ್ನು ಎಬ್ಬಿಸುವ ವಸ್ತು ಇದೊಂದೇ ಅಲ್ಲ. ಗೋಡೆಯ ಬೀಟಾ-ಗ್ಲುಕಾನ್, ಪೊರೆಯ ಎರ್ಗೋಸ್ಟೆರಾಲ್, ಟ್ರೈಕೋಡರ್ಮಾ ಎಂಬ ಉಪಕಾರಿ ಶಿಲೀಂಧ್ರ ಹೊರಬಿಡುವ ಝೈಲನೇಸ್ ಕಿಣ್ವ ಇವೂ ಒಂದಲ್ಲ ಒಂದು ಬೆಳೆಯಲ್ಲಿ ಅದೇ ಕೆಲಸ ಮಾಡುತ್ತವೆ. ತೂಗಿ, ಅಳೆದು, ಕರಗಿಸಿ ಹೊಡೆಯಲು ರೈತನ ಕೈಗೆ ಸುಲಭವಾಗಿ ಸಿಗುವುದು ಮಾತ್ರ ಕೈಟೋಸಾನ್.

ಸುದ್ದಿ ಮುಟ್ಟಿದ ಮೇಲೆ ಎಲೆಯೊಳಗೆ ನಡೆಯುವುದನ್ನು ಗಡಿಯಾರ ಹಿಡಿದು ನೋಡಿದರೆ ಹೀಗಿದೆ. ಮೊದಲ ಕೆಲವು ನಿಮಿಷಗಳಲ್ಲಿ ಕ್ಯಾಲ್ಸಿಯಂ ಜೀವಕೋಶದೊಳಗೆ ನುಗ್ಗುತ್ತದೆ. ಅದರ ಬೆನ್ನಿಗೇ, ಅರ್ಧ ತಾಸಿನೊಳಗೆ, ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಇದನ್ನು ನಾವು ಬಣ್ಣ ಹಾಕಿ ಕಣ್ಣಾರೆ ನೋಡಬಹುದು, ಮುಂದೆ ಹೇಳಿದೆ. ಒಂದೆರಡು ತಾಸಿನಲ್ಲಿ ರಕ್ಷಣೆಯ ಜೀನುಗಳು ಚುರುಕಾಗುತ್ತವೆ. ಅದೇ ದಿನ ಜೀವಕೋಶದ ಗೋಡೆಯ ಒಳಮಗ್ಗುಲಿಗೆ ಕ್ಯಾಲೋಸ್ ಎಂಬ ಗಾರೆ ಮೆತ್ತಿಕೊಳ್ಳತೊಡಗುತ್ತದೆ. ಎರಡನೆಯ, ಮೂರನೆಯ ದಿನಕ್ಕೆ ಕೈಟಿನೇಸ್, ಗ್ಲುಕನೇಸ್ ಕಿಣ್ವಗಳು ಹೆಚ್ಚುತ್ತವೆ. ದ್ರಾಕ್ಷಿಯಲ್ಲಾದರೆ ರೆಸ್ವೆರಟ್ರಾಲ್ ಎಂಬ, ಶಿಲೀಂಧ್ರಕ್ಕೆ ಒಗ್ಗದ ರಸ ಮತ್ತು ಅದರಿಂದಾಗುವ ವಿನಿಫೆರಿನ್‌ಗಳು ಸೇರಿಕೊಳ್ಳುತ್ತವೆ. ರೋಗ ತಗುಲಿದ ದ್ರಾಕ್ಷಿ ಎಲೆ ರೆಸ್ವೆರಟ್ರಾಲ್ ತಯಾರಿಸುತ್ತದೆ ಎಂಬುದು 1976ರಿಂದಲೇ ಗೊತ್ತಿರುವ ಸಂಗತಿ.

ಶತ್ರುವೂ ಸುಮ್ಮನೆ ಕೂತಿಲ್ಲ. ಟೊಮೆಟೊ ಎಲೆಗೆ ಬರುವ ಕ್ಲಾಡೋಸ್ಪೋರಿಯಂ ಶಿಲೀಂಧ್ರ ತನ್ನ ಉದುರಿದ ಕೈಟಿನ್ ಚೂರುಗಳನ್ನು ತಾನೇ ಬಾಚಿಕೊಳ್ಳುವ ಪ್ರೋಟೀನನ್ನು ಹೊರಬಿಡುತ್ತದೆ, ಎಲೆಗೆ ಸುಳಿವು ಸಿಗಬಾರದು ಎಂದು. ನಿಜವಾದ ಶತ್ರು ತನ್ನ ಗುರುತು ಮುಚ್ಚಿಕೊಂಡು ಬರುವ ಮುನ್ನ ಅದೇ ಗುರುತನ್ನು ನಾವು ಎಲೆಯ ಮುಂದೆ ಬಿಚ್ಚಿಡುತ್ತೇವೆ. ಮುಂಚಿತವಾಗಿ ಹೊಡೆಯುವುದರ ಲಾಭ ಇದು.

ಒಂದು ಮಾತು ಇಲ್ಲೇ ಹೇಳಬೇಕು. ಬೂಜು ತುಪ್ಪಟ ರೋಗ, ಅಂದರೆ ನಮ್ಮವರು ಡೌನಿ ಅನ್ನುವುದು, ನಿಜವಾದ ಶಿಲೀಂಧ್ರದಿಂದ ಬರುವುದಲ್ಲ. ಅದು ಊಮೈಸೀಟ್ ಎಂಬ ಬೇರೆ ವಂಶದ ಜೀವಿ. ಅದರ ಗೋಡೆಯಲ್ಲಿ ಸೆಲ್ಯುಲೋಸ್, ಗ್ಲುಕಾನ್ ಹೆಚ್ಚು, ಕೈಟಿನ್ ಇಲ್ಲವೆನ್ನುವಷ್ಟು ಕಡಿಮೆ. ಹಾಗಿದ್ದರೂ ಕೈಟೋಸಾನ್ ಹೊಡೆದ ಎಲೆ ಡೌನಿಗೂ ಒಂದಷ್ಟು ತಡೆ ಒಡ್ಡುತ್ತದೆ, ಏಕೆಂದರೆ ಒಮ್ಮೆ ಎದ್ದ ಎಲೆ ಬರುವವರು ಯಾರು ಎಂದು ಕೇಳಿ ಗೋಡೆ ಕಟ್ಟುವುದಿಲ್ಲ. ಆದರೆ ಆ ತಡೆ ಭಾಗಶಃ. ಅಕ್ಟೋಬರ್ ಚಾಟ್ನಿ (ಕಡ್ಡಿ ಸವರುವ ಕೆಲಸ) ಮುಗಿದು ಚಿಗುರು ಒಡೆಯುವ ಹೊತ್ತಿಗೆ ಹಿಂಗಾರು ಮಳೆ ಹಿಡಿದುಕೊಂಡರೆ ಕೈಟೋಸಾನ್ ಒಂದನ್ನೇ ನಂಬಿ ಕೂರುವುದು ಹುಚ್ಚುತನ. ಡೌನಿಯ ಔಷಧಗಳನ್ನು ಬಿಡಬೇಡಿ. ಬೂದಿ ರೋಗ ನಿಜವಾದ ಶಿಲೀಂಧ್ರ, ಅದು ಎಲೆಯ ಮೇಲ್ಪದರದಲ್ಲೇ ಬೇರು ಚುಚ್ಚಿ ಬದುಕುತ್ತದೆ. ಮೇಲ್ಪದರದ ಗೋಡೆ ಗಟ್ಟಿಯಾದಷ್ಟೂ ಅದಕ್ಕೆ ಕಷ್ಟ. ಅಲ್ಲಿ ಈ ಉಪಾಯಕ್ಕೆ ಹೆಚ್ಚು ಬೆಲೆ.

ಪುಡಿ ಕೊಳ್ಳುವಾಗ

ಅಸಿಟೈಲ್ ತೆಗೆದ ಪ್ರಮಾಣ, ಅಂದರೆ ಡಿಅಸಿಟೈಲೇಷನ್, 80ರಿಂದ 90 ಶೇಕಡಾ ಎಂದು ಬರೆದಿರುವ ಪುಡಿ ಆರಿಸಿ. 70ಕ್ಕಿಂತ ಕಡಿಮೆ ಇದ್ದರೆ ಸರಿಯಾಗಿ ಕರಗದೆ ತಳದಲ್ಲಿ ಮರಳಿನಂತೆ ಕೂರುತ್ತದೆ. ಅಣುತೂಕ, ಅಂದರೆ ಸರದ ಉದ್ದ, ಕಡಿಮೆ ಅಥವಾ ಮಧ್ಯಮ ಇರಲಿ. ಹೆಚ್ಚು ಅಣುತೂಕದ ಮಾಲು ಅಂಬಲಿಯಂತೆ ದಪ್ಪವಾಗಿ ಸಿಂಪರಣೆ ಯಂತ್ರವಾದ ಬ್ಲೋವರ್‌ನ ನಾಝಲ್ ಕಟ್ಟುತ್ತದೆ. ಬಾಟಲಿಯಲ್ಲಿ ದ್ರಾವಣವಾಗಿಯೇ ಸಿಗುವ ಮಾಲಾದರೆ ಅದರಲ್ಲಿ ಕೈಟೋಸಾನ್ ಶೇಕಡಾ ಎಷ್ಟು ಎಂದು ಬರೆದಿರಲೇಬೇಕು. "ಕೈಟೋಸಾನ್ ಯುಕ್ತ" ಎಂದಷ್ಟೇ ಬರೆದಿದ್ದರೆ ಲೆಕ್ಕ ಹಾಕಲು ಬರುವುದಿಲ್ಲ, ಅಂಥದನ್ನು ಅಂಗಡಿಯಲ್ಲೇ ಬಿಟ್ಟು ಬನ್ನಿ.

ಮೂಲ ದ್ರಾವಣ, ಶೇಕಡಾ 1

ಒಂದು ಲೀಟರ್ ಮೂಲ ದ್ರಾವಣಕ್ಕೆ ಬೇಕಾದ್ದು ಕೈಟೋಸಾನ್ ಪುಡಿ 10 ಗ್ರಾಂ, ಗ್ಲೇಶಿಯಲ್ ಅಸಿಟಿಕ್ ಆಮ್ಲ 10 ಮಿಲಿ, ಮತ್ತು ಮಳೆನೀರು ಇಲ್ಲವೆ ಆರ್‌ಒ ನೀರು. ಆಮ್ಲ ಸಿಗದಿದ್ದರೆ ಶೇಕಡಾ 4ರ ಬಿಳಿ ವಿನೆಗರ್ 250 ಮಿಲಿ; ಆಗ ನೀರನ್ನು ಅಷ್ಟು ಕಡಿಮೆ ಮಾಡಿ. ಗ್ಲೇಶಿಯಲ್ ಆಮ್ಲ ಚರ್ಮ ಸುಡುತ್ತದೆ, ಹೊಗೆ ಕಣ್ಣಿಗೆ ಏರುತ್ತದೆ. ಗ್ಲೌಸು, ಕನ್ನಡಕ ಹಾಕಿಕೊಂಡು ಬಯಲಿನಲ್ಲಿ ಮಾಡಿ, ಆಮ್ಲವನ್ನು ನೀರಿಗೆ ಹಾಕಬೇಕೇ ಹೊರತು ನೀರನ್ನು ಆಮ್ಲಕ್ಕಲ್ಲ.

ಕ್ರಮ ತಪ್ಪಿದರೆ ಗಂಟು ಕಟ್ಟುತ್ತದೆ. ಮೊದಲು ಪ್ಲಾಸ್ಟಿಕ್ ಬಕೆಟ್‌ನಲ್ಲಿ 800 ಮಿಲಿ ನೀರು ಹಾಕಿ, ಅದನ್ನು ತಿರುಗಿಸುತ್ತಲೇ ಪುಡಿಯನ್ನು ರವೆ ಉದುರಿಸಿದಂತೆ ಸ್ವಲ್ಪ ಸ್ವಲ್ಪವಾಗಿ ಹಾಕಿ. ಪುಡಿ ನೆನೆದು ನೀರಿನಲ್ಲಿ ಹರಡಿದ ಮೇಲೆ ಆಮ್ಲ ಸೇರಿಸಿ, ಆಮೇಲೆ ಉಳಿದ ನೀರು. ಆಮ್ಲ ಮೊದಲು, ಪುಡಿ ಆಮೇಲೆ ಎಂದು ಮಾಡಿದರೆ ಪ್ರತಿ ಕಣದ ಹೊರಮೈ ತಕ್ಷಣ ಅಂಟಾಗಿ ಒಳಗೆ ಒಣಪುಡಿ ಉಳಿಯುತ್ತದೆ. ಜೋಳದ ಹಿಟ್ಟನ್ನು ಕುದಿವ ನೀರಿಗೆ ಒಮ್ಮೆಲೇ ಸುರಿದಾಗ ಆಗುವ ಹಾಗೆ. ಮೊದಲ ತಾಸಿನಲ್ಲಿ ನಾಲ್ಕೈದು ಸಲ ತಿರುಗಿಸಿ, ರಾತ್ರಿಯಿಡೀ ಮುಚ್ಚಿಡಿ. ಬೆಳಿಗ್ಗೆ ತಿಳಿಹಳದಿ, ಪಾರದರ್ಶಕ, ತೆಳು ಎಣ್ಣೆಯಂಥ ದ್ರಾವಣ ಸಿಗಬೇಕು. ಅದನ್ನು ಎರಡು ಮಡಿಕೆಯ ಮಸ್ಲಿನ್ ಬಟ್ಟೆಯಲ್ಲಿ ಸೋಸಿ. ಬಟ್ಟೆಯಲ್ಲಿ ಒಂದು ಚಮಚಕ್ಕಿಂತ ಹೆಚ್ಚು ಗಷ್ಟು ಉಳಿದರೆ ನೀವು ತಂದ ಪುಡಿಯ ಶುದ್ಧತೆ ಅನುಮಾನ. ತಾಮ್ರ, ಕಬ್ಬಿಣದ ಪಾತ್ರೆ ಬಳಸಬೇಡಿ, ಕೈಟೋಸಾನ್ ಲೋಹಗಳನ್ನು ಹಿಡಿದುಕೊಳ್ಳುತ್ತದೆ.

ಬೋರಿನ ನೀರಿನ ಲೆಕ್ಕ

ಕೈಟೋಸಾನ್ ಕರಗಿ ನಿಲ್ಲುವುದು ಪಿಎಚ್ ಸುಮಾರು 6.3ರ ಕೆಳಗೆ ಮಾತ್ರ. ಅದಕ್ಕಿಂತ ಮೇಲೇರಿದರೆ ಸರದ ವಿದ್ಯುದಂಶ ಕಳೆದು, ಬಿಳಿ ಎಳೆಎಳೆಯಾಗಿ ಗಡ್ಡೆಗಟ್ಟುತ್ತದೆ. ಎಲೆಗೆ ಬೀಳುವುದು ಆಗ ಬರೀ ನೀರು. ಕೈಟೋಸಾನ್ ಫಿಲ್ಟರಿನಲ್ಲಿ ಕೂತಿರುತ್ತದೆ. ವಿಜಯಪುರ ಭಾಗದ ಎಷ್ಟೋ ಬೋರುಗಳ ನೀರು ಸವಳು, ಬೈಕಾರ್ಬೊನೇಟ್ ತುಂಬಿದ್ದು. ಇಲ್ಲಿ ಪಿಎಚ್ ಪಟ್ಟಿ ತೋರಿಸುವ ಅಂಕಿಗಿಂತ ನೀರಿನ ಕ್ಷಾರತೆ ಎಷ್ಟು ಎಂಬುದೇ ನಿರ್ಣಾಯಕ. ಮಣ್ಣು-ನೀರು ಪರೀಕ್ಷೆಯ ಚೀಟಿಯಲ್ಲಿ "ಒಟ್ಟು ಕ್ಷಾರತೆ" ಎಂದು ಲೀಟರಿಗೆ ಮಿಲಿಗ್ರಾಂ ಲೆಕ್ಕದಲ್ಲಿ ಬರೆದಿರುತ್ತಾರೆ.

ಲೆಕ್ಕ ಹೀಗೆ. ಶೇಕಡಾ 0.05ರ ಸಿಂಪರಣೆ ಎಂದರೆ ಒಂದು ಲೀಟರ್ ನೀರಿಗೆ 50 ಮಿಲಿ ಮೂಲ ದ್ರಾವಣ. ಅದರೊಂದಿಗೆ ಬರುವ ಅಸಿಟಿಕ್ ಆಮ್ಲ ಅರ್ಧ ಮಿಲಿ. ಈ ಅರ್ಧ ಮಿಲಿಯಲ್ಲಿ ಒಂದು ಪಾಲು ಕೈಟೋಸಾನನ್ನೇ ಕರಗಿಸಿಡಲು ಬೇಕು, ಉಳಿದದ್ದು ಸುಮಾರು 300 ಮಿಲಿಗ್ರಾಂ ಕ್ಷಾರತೆಯನ್ನು ಮಾತ್ರ ತಡೆದುಕೊಳ್ಳಬಲ್ಲದು. ನಿಮ್ಮ ನೀರಿನ ಕ್ಷಾರತೆ 250 ದಾಟಿದ್ದರೆ ಮೊದಲೇ ನೀರಿಗೆ ಆಮ್ಲ ಹಾಕಿ ಹದ ಮಾಡಬೇಕು. 200 ಲೀಟರ್ ಬ್ಯಾರಲ್‌ನಲ್ಲಿ ಕ್ಷಾರತೆಯನ್ನು 100 ಮಿಲಿಗ್ರಾಂ ಇಳಿಸಲು ಸುಮಾರು 23 ಮಿಲಿ ಗ್ಲೇಶಿಯಲ್ ಅಸಿಟಿಕ್ ಆಮ್ಲ, ಅಥವಾ ಶೇಕಡಾ 4ರ ವಿನೆಗರ್ 600 ಮಿಲಿ ಬೇಕು. ಕ್ಷಾರತೆ 500 ಇರುವ ನೀರನ್ನು 200ಕ್ಕೆ ತರಲು ಬ್ಯಾರಲ್‌ಗೆ 70 ಮಿಲಿ ಆಮ್ಲ. ಹಾಕಿ, ತಿರುಗಿಸಿ, ಗುಳ್ಳೆ ಅಡಗಿದ ಮೇಲೆ ಮೂಲ ದ್ರಾವಣ ಸುರಿಯಿರಿ. ಕೊನೆಗೆ ಪಿಎಚ್ 5.5 ಮತ್ತು 6ರ ನಡುವೆ ನಿಲ್ಲಬೇಕು. ಕೃಷಿ ಹೊಂಡದಲ್ಲಿ ಮಳೆನೀರು ಇದ್ದವರಿಗೆ ಈ ಗೊಡವೆ ಬಹುಮಟ್ಟಿಗೆ ಇಲ್ಲ, ಆದರೂ ಪಟ್ಟಿ ಅದ್ದಿ ನೋಡಿ.

ಚೀಟಿ ಇಲ್ಲದಿದ್ದರೆ ಗಾಜಿನ ಬಾಟಲಿಯ ಪರೀಕ್ಷೆ ಸಾಕು. ಒಂದು ಲೀಟರ್ ಬೋರಿನ ನೀರಿಗೆ 50 ಮಿಲಿ ಮೂಲ ದ್ರಾವಣ ಹಾಕಿ ಅರ್ಧ ತಾಸು ಇಡಿ. ಬಿಸಿಲಿಗೆ ಹಿಡಿದಾಗ ತಿಳಿಯಾಗಿದ್ದರೆ ಸರಿ. ಮಂಜು ಮುಸುಕಿದಂತೆ ಕಂಡರೆ, ಎಳೆ ತೇಲಿದರೆ, ನೀರಿಗೆ ಆಮ್ಲ ಬೇಕು.

ಪಡಕ್ಕೆ ಇಳಿಯುವ ಮುನ್ನ ಎಲೆಯನ್ನೇ ಕೇಳುವುದು

ಒಂದು ಎಕರೆಗೆ ಖರ್ಚು ಮಾಡುವ ಮೊದಲು ಆ ದ್ರಾವಣಕ್ಕೆ ಎಲೆ ಎಚ್ಚರಾಗುತ್ತದೆಯೇ ಎಂದು ನೋಡಬಹುದು. ಡಿಎಬಿ ಎಂಬ ಬಣ್ಣಕಾರಕ ಹೈಡ್ರೋಜನ್ ಪೆರಾಕ್ಸೈಡ್ ಇದ್ದ ಕಡೆ ಕಂದುಬಣ್ಣವಾಗಿ ಅಲ್ಲೇ ಕೂರುತ್ತದೆ. ಅದನ್ನು ಆಧರಿಸಿದ ಪರೀಕ್ಷೆ ಇದು. ಡಿಎಬಿ ಕ್ಯಾನ್ಸರ್‌ಕಾರಕ ಎಂಬ ಶಂಕೆ ಇರುವ ವಸ್ತು, ಅಡುಗೆಮನೆಯಲ್ಲಿ ಮಾಡುವಂಥದ್ದಲ್ಲ. ಊರಿನ ಕಾಲೇಜಿನ ಸಸ್ಯಶಾಸ್ತ್ರ ಪ್ರಯೋಗಾಲಯದಲ್ಲಿ ಗ್ಲೌಸು ಹಾಕಿಕೊಂಡು ಮಾಡಿ. ಬಿ.ಎಸ್ಸಿ. ವಿದ್ಯಾರ್ಥಿಗಳಿಗೆ ಎರಡು ದಿನದ ಒಳ್ಳೆಯ ಕೆಲಸವೂ ಹೌದು.

ಮೊದಲ ಸಲ ಟೊಮೆಟೊ ಇಲ್ಲವೆ ಅಲಸಂದೆ ಎಲೆಯಲ್ಲಿ ಕೈ ಪಳಗಿಸಿಕೊಳ್ಳಿ. ದ್ರಾಕ್ಷಿ ಎಲೆಯಲ್ಲಿ ಒಗರಿನ ಅಂಶ ಬಹಳ, ಗಾಯವಾದರೆ ತಾನಾಗಿಯೇ ಕಂದಾಗುತ್ತದೆ. ದಾಳಿಂಬೆ ಎಲೆಯಂತೂ ಇನ್ನೂ ಕಷ್ಟ.

ಬೆಳಿಗ್ಗೆ, ತುದಿಯಿಂದ ಮೂರನೆಯ ಅಥವಾ ನಾಲ್ಕನೆಯ ಪೂರ್ತಿ ಅರಳಿದ ಎಲೆ ಕೊಯ್ಯಿರಿ. ಹತ್ತು ದಿನದಿಂದ ಔಷಧ ಬಿದ್ದಿರಬಾರದು. ಕಾಗದಕ್ಕೆ ತೂತು ಹಾಕುವ ಪಂಚಿಂಗ್ ಯಂತ್ರದಿಂದ, ದೊಡ್ಡ ನರಗಳನ್ನು ಬಿಟ್ಟು, 6 ಮಿಲಿಮೀಟರ್ ಬಿಲ್ಲೆಗಳನ್ನು ಕತ್ತರಿಸಿ. ಪ್ರತಿ ದ್ರಾವಣಕ್ಕೆ 10 ಬಿಲ್ಲೆ. ಈಗ ಅವಸರ ಬೇಡ. ಕತ್ತರಿಸಿದ ಗಾಯಕ್ಕೇ ಎಲೆ ಪೆರಾಕ್ಸೈಡ್ ಬಿಡುತ್ತದೆ, ಕೂಡಲೇ ಪರೀಕ್ಷೆ ಮಾಡಿದರೆ ಬರೀ ನೀರಿನ ಬಿಲ್ಲೆಯೂ ಕಂದಾಗಿ ಎಲ್ಲವೂ ಒಂದೇ ಥರ ಕಾಣುತ್ತವೆ. ಬಿಲ್ಲೆಗಳನ್ನು ಶುದ್ಧ ನೀರಿನ ಮೇಲೆ ತೇಲಿಬಿಟ್ಟು 12ರಿಂದ 16 ತಾಸು ಇಡಿ, ಗಾಯದ ಗದ್ದಲ ಅಡಗಲಿ.

ಮರುದಿನ ಭಟ್ಟಿ ಇಳಿಸಿದ ನೀರಿನಲ್ಲಿ 100 ಮಿಲಿಯಂತೆ ಇವನ್ನು ತಯಾರಿಸಿ: ಬರೀ ನೀರು, ಬರೀ ಆಮ್ಲದ ನೀರು, ಮೂಲ ದ್ರಾವಣ 1 ಮಿಲಿ, 5 ಮಿಲಿ, 10 ಮಿಲಿ ಬೆರೆಸಿದ ಮೂರು ಬಟ್ಟಲು, ಅಂದರೆ ಶೇಕಡಾ 0.01, 0.05, 0.1. ಎಲ್ಲದರ ಪಿಎಚ್ ಅನ್ನು ಚಿಟಿಕೆ ಅಡುಗೆ ಸೋಡಾದಿಂದ 5.5ಕ್ಕೆ ಸಮ ಮಾಡಿ. ಆಮ್ಲದ ನೀರಿನ ಬಟ್ಟಲು ಇಲ್ಲದೆ ಈ ಪರೀಕ್ಷೆಗೆ ಅರ್ಥವಿಲ್ಲ, ಏಕೆಂದರೆ ಎಲೆ ಹುಳಿಗೆ ಎದ್ದಿತೋ ಕೈಟೋಸಾನ್‌ಗೆ ಎದ್ದಿತೋ ಹೇಳಲು ಬೇರೆ ದಾರಿ ಇಲ್ಲ.

ಇನ್ನೊಂದು ಬಟ್ಟಲು ಬೇಕೆನಿಸಿದರೆ ಬೇಕರಿಯ ಒಣ ಈಸ್ಟ್ 1 ಗ್ರಾಂ ಅನ್ನು 100 ಮಿಲಿ ನೀರಿನಲ್ಲಿ ಕಲಸಿ ಪ್ರೆಶರ್ ಕುಕ್ಕರ್‌ನಲ್ಲಿ 20 ನಿಮಿಷ ಬೇಯಿಸಿ, ಆರಿಸಿ, ಸೋಸಿ. ಈಸ್ಟೂ ಶಿಲೀಂಧ್ರವೇ. ಬೆಂದಾಗ ಅದರ ಗೋಡೆಯ ಗ್ಲುಕಾನ್ ಮತ್ತಿತರ ಅಂಶಗಳು ನೀರಿಗೆ ಬಿಡುತ್ತವೆ, ಎಲೆ ಅದಕ್ಕೂ ಏಳುತ್ತದೆ. ಪ್ರತಿ ಸಲ ಹದ ಬೇರೆಯಾಗುವುದರಿಂದ ಹೊಲಕ್ಕೆ ಇದನ್ನು ಸೂಚಿಸುವುದಿಲ್ಲ, ಹೋಲಿಕೆಗೆ ಚೆನ್ನ.

ಡಿಎಬಿ ದ್ರಾವಣಕ್ಕೆ 50 ಮಿಲಿಗ್ರಾಂ ಡಿಎಬಿಯನ್ನು 50 ಮಿಲಿ ನೀರಿನಲ್ಲಿ ಕರಗಿಸಿ ಪಿಎಚ್ 3.8ಕ್ಕೆ ತನ್ನಿ. ಬೆಳಕಿಗೆ ಕೆಡುತ್ತದೆ, ಬಾಟಲಿಗೆ ಅಲ್ಯೂಮಿನಿಯಂ ಹಾಳೆ ಸುತ್ತಿ, ಅಂದೇ ಬಳಸಿ ಮುಗಿಸಿ. ಸೂಜಿ ಇಲ್ಲದ 20 ಮಿಲಿ ಸಿರಿಂಜಿನೊಳಗೆ ಬಿಲ್ಲೆಗಳನ್ನೂ 10 ಮಿಲಿ ಪರೀಕ್ಷಾ ದ್ರಾವಣವನ್ನೂ ತುಂಬಿ, ಗಾಳಿ ಹೊರಹಾಕಿ, ತುದಿಯನ್ನು ಬೆರಳಿನಿಂದ ಮುಚ್ಚಿ ದಂಡವನ್ನು ಹಿಂದೆ ಎಳೆದು ಹತ್ತೆಣಿಸಿ ಬಿಡಿ. ಮೂರು ನಾಲ್ಕು ಸಲ ಹೀಗೆ ಮಾಡಿದರೆ ಎಲೆಯೊಳಗಿನ ಗಾಳಿ ಹೋಗಿ ದ್ರಾವಣ ಸೇರುತ್ತದೆ. ಬಿಲ್ಲೆ ಗಾಢ ಹಸಿರಾಗಿ ಮುಳುಗುತ್ತದೆ. ಅರ್ಧ ತಾಸಿನ ನಂತರ ಬಿಲ್ಲೆಗಳನ್ನು ಡಿಎಬಿಗೆ ವರ್ಗಾಯಿಸಿ ಕತ್ತಲಲ್ಲಿ 6ರಿಂದ 8 ತಾಸು ಇಡಿ. ಶೇಕಡಾ 0.05ರ ಕೆಲವು ಬಿಲ್ಲೆಗಳನ್ನು ಡಿಎಬಿಗೆ ಹಾಕದೆ ಅದೇ ಪಿಎಚ್‌ನ ನೀರಿನಲ್ಲಿಡಿ. ಕೊನೆಗೆ ಅವೂ ಕಂದಾಗಿದ್ದರೆ ಅದು ಎಲೆಯ ಸ್ವಂತ ಒಗರು, ಪೆರಾಕ್ಸೈಡ್ ಅಲ್ಲ.

ಹಸಿರು ತೆಗೆಯಲು ಶೇಕಡಾ 95ರ ಎಥನಾಲ್‌ನಲ್ಲಿ, ಬಿಸಿನೀರಿನ ಪಾತ್ರೆಯೊಳಗಿಟ್ಟ ಕೊಳವೆಯಲ್ಲಿ, 10 ನಿಮಿಷ ಕಾಯಿಸಿ; ಹಸಿರು ಉಳಿದರೆ ಎಥನಾಲ್ ಬದಲಿಸಿ ಮತ್ತೊಮ್ಮೆ. ವಿದ್ಯುತ್ ಒಲೆಯಲ್ಲೇ ಮಾಡಿ, ಹತ್ತಿರದಲ್ಲಿ ಬೆಂಕಿಯ ಜ್ವಾಲೆ ಇರಲೇಕೂಡದು. ಬಿಳಿ ತಟ್ಟೆಯ ಮೇಲೆ ಸಾಲಾಗಿ ಜೋಡಿಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಳ್ಳಿ. ಅಂಚು ಮಾತ್ರ ಕಂದಾಗಿದ್ದರೆ ಅದು ಕತ್ತರಿಸಿದ ಗಾಯ, ಲೆಕ್ಕಕ್ಕೆ ಬೇಡ. ಬಿಲ್ಲೆಯ ನಡುವೆ, ನೀರಿನ ಮತ್ತು ಆಮ್ಲದ ಬಟ್ಟಲಿನವಕ್ಕಿಂತ ಎದ್ದು ಕಾಣುವಷ್ಟು ಚುಕ್ಕೆ ಚುಕ್ಕೆಯಾಗಿ ಕಂದು ಹರಡಿದ್ದರೆ ಎಲೆ ಎದ್ದಿದೆ. ಶೇಕಡಾ 0.1ರಲ್ಲಿ ಬಿಲ್ಲೆ ಪೂರ್ತಿ ಕಪ್ಪುಗಂದಾಗಿ ಮೆತ್ತಗಾಗಿದ್ದರೆ ಅದನ್ನು ಗೆಲುವು ಎಂದುಕೊಳ್ಳಬೇಡಿ, ಜೀವಕೋಶಗಳು ಸತ್ತಿವೆ. ಕಡಿಮೆ ಪ್ರಮಾಣದಲ್ಲಿ ಚುಕ್ಕೆ ಕಂಡರೆ ಕಡಿಮೆಯದನ್ನೇ ಹಿಡಿಯಿರಿ.

ಕ್ಯಾಲೋಸ್ ನೋಡಲು ಅನಿಲೀನ್ ಬ್ಲೂ ಬಣ್ಣ ಮತ್ತು ಅತಿನೇರಳೆ ಬೆಳಕಿನ ಸೂಕ್ಷ್ಮದರ್ಶಕ ಬೇಕು. ಇದ್ದವರು ಸಿಂಪರಿಸಿ 24 ತಾಸಿನ ನಂತರದ ಎಲೆಯನ್ನು ನೋಡಿ. ಇಲ್ಲದವರು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಪಡದಲ್ಲಿ ಹೊಡೆಯುವುದು

ಮೊದಲ ಸಿಂಪರಣೆ ಚಾಟ್ನಿಯ ನಂತರ ಚಿಗುರು ಮೂರರಿಂದ ಐದು ಎಲೆ ಬಿಟ್ಟಾಗ. ಆಗ ಎಕರೆಗೆ 200 ಲೀಟರ್ ನೀರು ಸಾಕು, ಶೇಕಡಾ 0.05ಕ್ಕೆ ಮೂಲ ದ್ರಾವಣ 10 ಲೀಟರ್, ಅಂದರೆ ಪುಡಿ 100 ಗ್ರಾಂ. ಚಪ್ಪರ ತುಂಬಿದ ಮೇಲೆ ಎಕರೆಗೆ 400 ಲೀಟರ್, ಮೂಲ ದ್ರಾವಣ 20 ಲೀಟರ್. ಬೆನ್ನಿನ 15 ಲೀಟರ್ ಪಂಪಿಗೆ ಮುಕ್ಕಾಲು ಲೀಟರ್. ಹತ್ತು ಹನ್ನೆರಡು ದಿನಕ್ಕೊಮ್ಮೆ ಮತ್ತೆ ಹೊಡೆಯಬೇಕು. ಕಾರಣ ಸರಳ: ಹುರುಪಿನಿಂದ ಬೆಳೆಯುವ ಕಡ್ಡಿ ಮೂರ್ನಾಲ್ಕು ದಿನಕ್ಕೊಂದು ಹೊಸ ಎಲೆ ಬಿಡುತ್ತದೆ. ಹೊಡೆದ ದಿನ ಹುಟ್ಟಿರದ ಎಲೆಗೆ ಸುದ್ದಿ ನೇರವಾಗಿ ಮುಟ್ಟಿಲ್ಲ. ಕೆಳಗಿನ ಎಲೆಗಳಿಂದ ಹರಿದು ಬರುವ ಸೂಚನೆ ಅಷ್ಟು ಬಲವಾಗಿರುವುದಿಲ್ಲ. ಹೂ ಪೂರ್ತಿ ಬಿಟ್ಟ ದಿನಗಳಲ್ಲಿ ನಿಲ್ಲಿಸಿ, ಈ ದ್ರಾವಣ ಒಣಗಿದಾಗ ತೆಳು ಪೊರೆ ಕಟ್ಟುತ್ತದೆ. ಕಾಳು ಮೆತ್ತಗಾದ ಮೇಲೆಯೂ ಬೇಡ. ಟೇಬಲ್ ದ್ರಾಕ್ಷಿಯ ಮೇಲೆ ಕಲೆ ಉಳಿದರೆ ದರ ಬೀಳುತ್ತದೆ.

ಹೊತ್ತು ಮುಖ್ಯ. ನವೆಂಬರಿನಲ್ಲೂ ನಮ್ಮ ಕಡೆ ಮಧ್ಯಾಹ್ನದ ಗಾಳಿ ಒಣ, ಹನಿ ಎಲೆಗೆ ಬಿದ್ದು ಕೆಲವೇ ನಿಮಿಷಕ್ಕೆ ಆರುತ್ತದೆ, ಹೀರಿಕೆ ಆಗುವುದಿಲ್ಲ. ಸಂಜೆ ಐದರ ನಂತರ ಅಥವಾ ಬೆಳಗಿನ ಇಬ್ಬನಿ ಆರಿದ ಕೂಡಲೇ ಹೊಡೆಯಿರಿ. ಎಲೆಯ ಕೆಳಮಗ್ಗುಲು ತೊಯ್ಯಲೇಬೇಕು, ದ್ರಾಕ್ಷಿ ಎಲೆಯ ರಂಧ್ರಗಳಿರುವುದು ಅಲ್ಲಿ. ನಾಲ್ಕು ತಾಸಿನೊಳಗೆ ಮಳೆ ಬಿದ್ದರೆ ಆ ಸಿಂಪರಣೆ ಲೆಕ್ಕಕ್ಕಿಲ್ಲ. ನೀರಿಲ್ಲದೆ ಬಾಡಿದ ಪಡಕ್ಕೆ ಹೊಡೆಯಬೇಡಿ. ರಕ್ಷಣೆ ಕಟ್ಟಲು ಎಲೆಗೆ ಸಕ್ಕರೆ ಬೇಕು, ಬಾಡಿದ ಎಲೆಯಲ್ಲಿ ಅದರ ಉಳಿತಾಯ ಇಲ್ಲ. ಇದೇ ಕಾರಣಕ್ಕೆ ಐದು ದಿನಕ್ಕೊಮ್ಮೆ ಹೊಡೆದು ಗಿಡವನ್ನು ಸದಾ ಗಾಬರಿಯಲ್ಲಿಟ್ಟರೆ ಬೆಳವಣಿಗೆಯೇ ಕುಂಠಿತವಾಗುತ್ತದೆ. ಹೆಚ್ಚು ಹೊಡೆದರೆ ಹೆಚ್ಚು ಲಾಭ ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ.

ಯಾವುದರ ಜೊತೆ ಬೆರೆಸಬಾರದು ಎಂಬುದರಲ್ಲಿ ಬಹಳ ಜನ ಎಡವುತ್ತಾರೆ. ಸಲ್ಫೇಟ್, ಫಾಸ್ಫೇಟ್ ಇರುವ ಯಾವುದೂ ಬೇಡ: 0:52:34 ಮತ್ತು 0:0:50 ಗೊಬ್ಬರ, ಜಿಂಕ್ ಸಲ್ಫೇಟ್, ಮೆಗ್ನೀಷಿಯಂ ಸಲ್ಫೇಟ್. ಇವುಗಳ ಋಣ ವಿದ್ಯುದಂಶ ಕೈಟೋಸಾನ್ ಸರಗಳನ್ನು ಒಂದಕ್ಕೊಂದು ಕಟ್ಟಿ ಗಡ್ಡೆ ಮಾಡುತ್ತದೆ. ಬೋರ್ಡೋ ದ್ರಾವಣ ಸುಣ್ಣದ್ದು, ಪಿಎಚ್ ಏರಿಸುತ್ತದೆ. ಹೊಡೆದ ಕೂಡಲೇ ಕೈಟೋಸಾನ್ ಬೇಡ. ನೀರಿನಲ್ಲಿ ಹರಡಿಕೊಳ್ಳುವ ಗಂಧಕದ ಹರಳುಗಳಲ್ಲಿ ಬಳಸುವ ಹರಡುಕಾರಕಗಳೂ ಎಷ್ಟೋ ಸಲ ಇದೇ ತೊಂದರೆ ಕೊಡುತ್ತವೆ, ಎರಡು ಮೂರು ದಿನ ಅಂತರ ಇಡಿ. ಸ್ಟಿಕ್ಕರ್ (ಎಲೆಗೆ ಅಂಟಿಸುವ ದ್ರವ) ಬೇಕಿದ್ದರೆ ಅಯಾನಿಕ್ ಅಲ್ಲದ್ದು, ಅಂದರೆ ವಿದ್ಯುದಂಶವಿಲ್ಲದ್ದು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ, ಅದನ್ನು ಕೈಟೋಸಾನ್ ಜೊತೆ ಒಂದೇ ಬ್ಯಾರಲ್‌ಗೆ ಹಾಕುವವರನ್ನು ಏನೆನ್ನಬೇಕು! ಅದು ಬೇರಿಗೆ ಹೋಗಲಿ, ವಾರದ ಅಂತರದಲ್ಲಿ.

ಕೆಲಸ ಮಾಡಿತೇ ಎಂದು ತಿಳಿಯಲು ಪಡದ ನಡುವೆ ಎರಡು ಸಾಲು ಬಿಡಿ. ಅವಕ್ಕೆ ಉಳಿದ ಔಷಧವೆಲ್ಲ ಇರಲಿ, ಕೈಟೋಸಾನ್ ಮಾತ್ರ ಬೇಡ. ಬದಲಿಗೆ ಅದೇ ಪ್ರಮಾಣದ ಆಮ್ಲದ ನೀರು. ಅಂಚಿನ ಸಾಲು ಆರಿಸಬೇಡಿ, ಅಲ್ಲಿ ಗಾಳಿ ಬೆಳಕು ಬೇರೆ. ವಾರಕ್ಕೊಮ್ಮೆ ಎರಡೂ ಕಡೆ 10 ಬಳ್ಳಿಗಳಿಂದ ತಲಾ 10 ಎಲೆ ನೋಡಿ, ಬೂದಿ ಇಲ್ಲದ್ದಕ್ಕೆ 0, ಒಂದೆರಡು ಚುಕ್ಕೆಗೆ 1, ಕಾಲುಭಾಗದವರೆಗೆ 2, ಅರ್ಧದವರೆಗೆ 3, ಅದಕ್ಕೂ ಹೆಚ್ಚಿಗೆ 4 ಎಂದು ಬರೆದುಕೊಳ್ಳಿ. ಕಣ್ಣಂದಾಜಿನ ಮೇಲೆ "ಛಲೋ ಆತು" ಎನ್ನುವುದಕ್ಕಿಂತ ಈ ನೂರು ಎಲೆಯ ಮೊತ್ತ ಹೆಚ್ಚು ನಿಜ ಹೇಳುತ್ತದೆ. ರೋಗವೇ ಬಾರದ ಒಣ ವರ್ಷದಲ್ಲಿ ಎರಡೂ ಕಡೆ ಸೊನ್ನೆ ಬಂದರೆ ಕೈಟೋಸಾನ್ ಬಗ್ಗೆ ಏನೂ ತಿಳಿದಂತಾಗಲಿಲ್ಲ.

ಬೇರೆ ಬೆಳೆಗಳ ಮಾತು ಎರಡೇ ಸಾಲು. ಬಾಗಲಕೋಟೆ ಭಾಗದ ದಾಳಿಂಬೆಯ ಅಂಗಮಾರಿ ದುಂಡಾಣುವಿನಿಂದ ಬರುವುದು. ದುಂಡಾಣುವಿನ ಗೋಡೆಯಲ್ಲಿ ಕೈಟಿನ್ ಇಲ್ಲ. ಕೈಟೋಸಾನ್ ಅಲ್ಲಿ ಸಹಾಯಕ ಮಾತ್ರ, ರೋಗ ತಗುಲಿದ ಕಡ್ಡಿ ಕತ್ತರಿಸಿ ಸುಡುವ ಕೆಲಸಕ್ಕೆ ಬದಲಿಯಲ್ಲ. ಕಬ್ಬಿನ ಕೆಂಪು ಕೊಳೆ ಬೀಜದ ತುಂಡಿನಲ್ಲೇ ಕೂತು ಬರುತ್ತದೆ, ಎಲೆಗೆ ಹೊಡೆದು ಪ್ರಯೋಜನವಿಲ್ಲ.

ಉಳಿದ ಮೂಲ ದ್ರಾವಣವನ್ನು ನೆರಳಿನಲ್ಲಿ ಮುಚ್ಚಿಟ್ಟರೆ ಎರಡು ವಾರ ಬರುತ್ತದೆ. ಆಮ್ಲದಲ್ಲಿ ಸರ ನಿಧಾನವಾಗಿ ತುಂಡಾಗುತ್ತಾ ಹೋಗುತ್ತದೆ. ಮೊದಲಿನ ದಪ್ಪ ಹೋಗಿ ನೀರಿನಂತಾಗಿದ್ದರೆ, ಮೇಲೆ ಬೂಷ್ಟು ಕಟ್ಟಿದ್ದರೆ ಚೆಲ್ಲಿಬಿಡಿ. ಬೆರೆಸಿದ ಸಿಂಪರಣೆಯನ್ನಂತೂ ಅಂದೇ ಮುಗಿಸಬೇಕು. ಕೆಲಸವಾದ ಮೇಲೆ ಬ್ಲೋವರನ್ನು ಬರೀ ಬೋರಿನ ನೀರಿನಿಂದ ತೊಳೆದರೆ ಒಳಗುಳಿದ ಕೈಟೋಸಾನ್ ಅಲ್ಲೇ ಗಡ್ಡೆಯಾಗಿ, ಒಣಗಿ ನಾಝಲಿನಲ್ಲಿ ಪ್ಲಾಸ್ಟಿಕ್ಕಿನಂತೆ ಕೂರುತ್ತದೆ. ಮೊದಲು 10 ಲೀಟರ್ ನೀರಿಗೆ ಅರ್ಧ ಲೀಟರ್ ವಿನೆಗರ್ ಬೆರೆಸಿ ಓಡಿಸಿ, ಐದು ನಿಮಿಷ ಬಿಟ್ಟು, ಆಮೇಲೆ ಸಾದಾ ನೀರು.